ಸಂಜೆಯಾದರೆ ‘ಮನೆಗೆ ಹೋಗಬೇಕು’ ಎನ್ನುವ ಅತ್ತೆಯವರನ್ನು ಸಮಾಧಾನಪಡಿಸುವುದು ಹೇಗೆ?

ಹೊಸನಗರದ ಸೊಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಒಂಟಿ ಮನೆ. ಹತ್ತಿರದ ಮನೆಗೆ ಹೋಗಬೇಕೆಂದರೂ ತೋಟ ಇಳಿದು ಹಳ್ಳದ ಸಂಕ ದಾಟಬೇಕು. ಮಗ ಬೆಂಗಳೂರಿನಲ್ಲಿದ್ದಾನೆ; ಮನೆಯಲ್ಲಿ ಅತ್ತೆಯವರು, ಯಜಮಾನರು ಮತ್ತು ನಾನು, ಮೂವರೇ ಇದ್ದೇವೆ. ಅತ್ತೆಯವರಿಗೆ ಈಗ 84 ವರ್ಷ. ಎರಡು ವರ್ಷಗಳ ಹಿಂದೆ ಶಿವಮೊಗ್ಗದಲ್ಲಿ ವೈದ್ಯರು ಪರೀಕ್ಷೆ ಮಾಡಿ, ಇದು ಅಲ್ಝೈಮರ್ ಕಾಯಿಲೆಯಿಂದ ಬಂದ ಡಿಮೆನ್ಷಿಯಾ, ಅಂದರೆ ನೆನಪು ಮತ್ತು ಬುದ್ಧಿ ಕುಂದುವ ಸ್ಥಿತಿ, ಎಂದು ಹೇಳಿ ಡೊನೆಪೆಜಿಲ್ ಮಾತ್ರೆ ಬರೆದುಕೊಟ್ಟರು. ಊರಿನವರು ‘ಅರವತ್ತಕ್ಕೆ ಅರಳು ಮರಳು’ ಎಂದು ತಳ್ಳಿಹಾಕಿದ್ದಕ್ಕೆ ಒಂದು ಹೆಸರು ಸಿಕ್ಕಿತು, ಆದರೆ ಆ ಹೆಸರನ್ನು ಇಟ್ಟುಕೊಂಡು ಮನೆಯಲ್ಲಿ ದಿನ ಕಳೆಯುವುದು ಹೇಗೆ ಎಂಬುದನ್ನು ಯಾರೂ ಹೇಳಿಕೊಡಲಿಲ್ಲ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಸಂಜೆಯ ಹೊತ್ತು. ಮಳೆಗಾಲದಲ್ಲಿ ನಮ್ಮ ಕಡೆ ನಾಲ್ಕೂವರೆಗೇ ಕತ್ತಲೆ ಕವಿದಂತಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಅತ್ತೆಯವರು ಎರಡು ಸೀರೆ ಮತ್ತು ಒಂದು ಹಿತ್ತಾಳೆ ಚೊಂಬನ್ನು ಗಂಟು ಕಟ್ಟಿಕೊಂಡು ಜಗುಲಿಗೆ ಬಂದು ನಿಲ್ಲುತ್ತಾರೆ. “ಮನೆಗೆ ಹೋಗ್ಬೇಕು, ದನ ಬಂದಿರ್ತಾವೆ, ಮಗು ಎದ್ದು ಅಳ್ತಿರ್ತದೆ” ಎನ್ನುತ್ತಾರೆ. ಅವರು ಹೇಳುವ ಮನೆ ಶರಾವತಿಯ ದಡದಲ್ಲಿತ್ತು. ಹದಿನೇಳನೆಯ ವಯಸ್ಸಿಗೆ ಮದುವೆಯಾಗಿ ಆ ಮನೆ ಸೇರಿದವರು, ಲಿಂಗನಮಕ್ಕಿ ಅಣೆಕಟ್ಟೆಯ ನೀರು ಏರುವ ಮೊದಲು, ಕೈಗೂಸಾಗಿದ್ದ ನಮ್ಮ ದೊಡ್ಡ ಅತ್ತಿಗೆಯನ್ನು ಎತ್ತಿಕೊಂಡು ಎಲ್ಲರ ಜೊತೆ ಊರು ಬಿಟ್ಟರು. ಅಣೆಕಟ್ಟೆ 1964ರಲ್ಲಿ ಪೂರ್ಣವಾಯಿತು. ಆ ಮನೆ ಇದ್ದ ಜಾಗ ಅಂದಿನಿಂದ ಹಿನ್ನೀರಿನ ಅಡಿಯಲ್ಲಿದೆ. ಮೊದಮೊದಲು ನಾನು, “ಅತ್ತೆ, ಆ ಮನೆ ಮುಳುಗಿ ಅರವತ್ತು ವರ್ಷವಾಯಿತು, ಈಗ ಇದೇ ನಿಮ್ಮ ಮನೆ” ಎಂದು ತಿಳಿಸಿ ಹೇಳುತ್ತಿದ್ದೆ. ಅವರು ಆ ಸುದ್ದಿಯನ್ನು ಪ್ರತಿದಿನವೂ ಮೊದಲ ಸಲ ಕೇಳಿದವರಂತೆ ಕುಸಿದು ಕುಳಿತು ಅಳುತ್ತಾರೆ. ಯಜಮಾನರು ದನಿ ಏರಿಸಿದರೆ ಅತ್ತೆಯವರು ಬೇಲಿಯ ಬಾಗಿಲಾದ ದಣಪೆ ದಾಟಿ ಹೊರಟೇಬಿಡುತ್ತಾರೆ.

ಇದರ ಜೊತೆಗೆ, ತಮ್ಮ ಎರಡೆಳೆ ಸರವನ್ನು ನಾನೇ ಕದ್ದೆನೆಂದು ಮನೆಗೆ ಬಂದವರೆಲ್ಲರ ಮುಂದೆ ಹೇಳುತ್ತಾರೆ. ಸರ ಅಕ್ಕಿ ಡಬ್ಬಿಯಲ್ಲಿಯೋ ದಿಂಬಿನ ಚೀಲದಲ್ಲಿಯೋ ಸಿಗುತ್ತದೆ, ಮರುದಿನ ಮತ್ತೆ ಅದೇ ಮಾತು. ಇಪ್ಪತ್ತೆಂಟು ವರ್ಷ ಒಂದೇ ಒಲೆಯ ಮುಂದೆ ಕೆಲಸ ಮಾಡಿದ ಮೇಲೆ ಕಳ್ಳಿ ಎನ್ನಿಸಿಕೊಳ್ಳುವ ನೋವನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಸ್ನಾನಕ್ಕೆ ಕರೆದರೆ ಬಚ್ಚಲಿನ ಬಾಗಿಲ ಚೌಕಟ್ಟನ್ನು ಹಿಡಿದು ಕೂಗುತ್ತಾರೆ. ವಾರಕ್ಕೆ ಒಂದು ಸ್ನಾನವೂ ಕಷ್ಟವಾಗಿದೆ. ಕಳೆದ ಹತ್ತು ದಿನಗಳಿಂದಂತೂ ಎಲ್ಲವೂ ಹೆಚ್ಚಾಗಿದೆ. ಹಗಲು ಕುಳಿತಲ್ಲೇ ತೂಕಡಿಸುತ್ತಾರೆ, ರಾತ್ರಿ ಎದ್ದು ಗೋಡೆ ತಡಕುತ್ತಾರೆ. ಮನೆಯಲ್ಲಿ ನೋಡಿಕೊಂಡು ಅನುಭವವಿರುವವರು ದಯವಿಟ್ಟು ದಾರಿ ತೋರಿಸಬೇಕು.

ಶಿವಮೊಗ್ಗದ ನಿವೃತ್ತ ಶುಶ್ರೂಷಕಿ ಬರೆದದ್ದು:

ತಂಗಿ, ನಿಮ್ಮ ಪತ್ರದ ಕೊನೆಯಲ್ಲಿ ಹೇಳಿರುವ ಹತ್ತು ದಿನಗಳ ಮಾತನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಕಾಯಲಾರದ ವಿಷಯ. ಅಲ್ಝೈಮರ್ ಕಾಯಿಲೆಯಲ್ಲಿ ಸ್ಥಿತಿ ತಿಂಗಳು, ವರ್ಷಗಳ ಲೆಕ್ಕದಲ್ಲಿ ಹದಗೆಡುತ್ತಾ ಹೋಗುತ್ತದೆ. ಹತ್ತು ದಿನಗಳಲ್ಲಿ ಹೀಗೆ ಕುಸಿಯುವುದಿಲ್ಲ. ಡಿಮೆನ್ಷಿಯಾ ಇರುವವರಲ್ಲಿ ವರ್ತನೆ ದಿಢೀರನೆ ಬದಲಾದರೆ ಅದರ ಹಿಂದೆ ದೇಹದ ಬೇರೊಂದು ತೊಂದರೆಯನ್ನು ಹುಡುಕಬೇಕು. ಹೀಗೆ ದಿಢೀರನೆ ಬರುವ ಗಲಿಬಿಲಿಗೆ ಡೆಲಿರಿಯಂ ಎನ್ನುತ್ತಾರೆ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕುಡಿಯದೆ ಬಳಲುವುದು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಹಲ್ಲು ಅಥವಾ ಮಂಡಿಯ ನೋವು, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಹೆಪ್ಪುಗಟ್ಟುವುದು, ಇವೆಲ್ಲ ಸಾಮಾನ್ಯ ಕಾರಣಗಳು. ವಯಸ್ಸಾದವರಿಗೆ ಮೂತ್ರದ ಸೋಂಕಾದಾಗ ಜ್ವರ ಬಾರದೆಯೂ ಇರಬಹುದು, ಉರಿ ಎಂದು ಹೇಳಿಕೊಳ್ಳಲು ಅವರಿಗೆ ಮಾತು ಸಿಗದೆಯೂ ಇರಬಹುದು. ಗಲಿಬಿಲಿಯೊಂದೇ ಹೊರಗೆ ಕಾಣುತ್ತದೆ. ಮಳೆಗಾಲದಲ್ಲಿ ಶೀತವೆಂದು ಅಂಗಡಿಯಿಂದ ಮಾತ್ರೆ ತಂದು ಕೊಟ್ಟಿದ್ದೀರಾ ಎಂಬುದನ್ನೂ ನೆನಪಿಸಿಕೊಳ್ಳಿ. ಅಂತಹ ಹಲವು ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮೈನ್ ಇರುತ್ತದೆ. ಅದು ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನೇ ತಡೆಯುತ್ತದೆ. ನೀವು ಕೊಡುತ್ತಿರುವ ಡೊನೆಪೆಜಿಲ್ ಅದೇ ರಾಸಾಯನಿಕವನ್ನು ಉಳಿಸಲು ಹೆಣಗುವ ಔಷಧ. ಎರಡೂ ಒಟ್ಟಿಗೆ ಹೋದರೆ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ. ಆದ್ದರಿಂದ ನಾಳೆಯೇ ಮೂತ್ರ ಮತ್ತು ರಕ್ತದ ಪರೀಕ್ಷೆ ಮಾಡಿಸಿ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ವೈದ್ಯರ ಬಳಿ ತೆಗೆದುಕೊಂಡು ಹೋಗಿ.

ಸರದ ವಿಷಯದಲ್ಲಿ ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದರೆ ಆ ಆರೋಪ ನಿಮ್ಮ ಮೇಲಿನ ದ್ವೇಷದಿಂದ ಬಂದದ್ದಲ್ಲ. ಆಲೋಯಿಸ್ ಅಲ್ಝೈಮರ್ ಎಂಬ ಜರ್ಮನ್ ವೈದ್ಯರು 1906ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದಾಗ, ಅವರು ಹೇಳಿದ ಐವತ್ತೊಂದು ವರ್ಷದ ಹೆಣ್ಣುಮಗಳು ಗಂಡನ ಮೇಲೆ ಸಂಶಯಪಡುತ್ತಿದ್ದರು ಮತ್ತು ಸಾಮಾನುಗಳನ್ನು ಹೊತ್ತುಕೊಂಡು ಹೋಗಿ ಮನೆಯಲ್ಲೆಲ್ಲ ಬಚ್ಚಿಡುತ್ತಿದ್ದರು. ಹೊಸ ನೆನಪನ್ನು ಹಿಡಿದಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಈ ಕಾಯಿಲೆಯಲ್ಲಿ ಮೊದಲೇ ಸೊರಗುತ್ತದೆ. ಸರವನ್ನು ತಾನೇ ಅಕ್ಕಿ ಡಬ್ಬಿಯಲ್ಲಿ ಇಟ್ಟದ್ದು ಅತ್ತೆಯವರ ಮಿದುಳಿನಲ್ಲಿ ದಾಖಲಾಗಿಯೇ ಇಲ್ಲ. ಇಟ್ಟ ನೆನಪಿಲ್ಲದೆ ಸರ ಕಾಣೆಯಾದರೆ ಯಾರೋ ತೆಗೆದುಕೊಂಡಿರಬೇಕೆಂದು ಅವರ ಬುದ್ಧಿ ಲೆಕ್ಕ ಹಾಕುತ್ತದೆ, ಮತ್ತು ಮನೆಯಲ್ಲಿ ದಿನವಿಡೀ ಕಣ್ಣಿಗೆ ಬೀಳುವವರು ನೀವು. ಆದ್ದರಿಂದ “ನಾನು ತೆಗೆದಿಲ್ಲ” ಎಂದು ವಾದಿಸಬೇಡಿ, “ಕೊನೆಗೂ ಇಲ್ಲೇ ಇತ್ತಲ್ಲ” ಎಂದು ತೋರಿಸಿ ಗೆಲ್ಲಲೂ ಬೇಡಿ. “ಸರ ಕಾಣದಿದ್ದರೆ ಗಾಬರಿಯಾಗುವುದು ಸಹಜ, ಬನ್ನಿ ಅತ್ತೆ, ಇಬ್ಬರೂ ಹುಡುಕೋಣ” ಎಂದು ಜೊತೆಗೆ ನಡೆಯಿರಿ. ಬಂಗಾರವನ್ನು ಬ್ಯಾಂಕಿನಲ್ಲಿಟ್ಟು ಅದೇ ನಮೂನೆಯ ಗಿಲೀಟು ಸರವನ್ನು ಅವರ ಪೆಟ್ಟಿಗೆಗೆ ಹಾಕಿಡಿ. ಬಂದುಹೋಗುವ ನೆಂಟರಿಗೆ, ಮುಖ್ಯವಾಗಿ ಅವರ ಹೆಣ್ಣುಮಕ್ಕಳಿಗೆ, ಇದು ಕಾಯಿಲೆಯ ಲಕ್ಷಣವೆಂದು ನಿಮ್ಮ ಯಜಮಾನರೇ ಮುಂಚಿತವಾಗಿ ಹೇಳಿಡಲಿ. ಅದನ್ನು ಸೊಸೆಯ ಬಾಯಿಂದ ಹೇಳಿಸಬಾರದು.

ಇನ್ನೊಂದು ಕೆಲಸ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಒಂದು ವಾರ, ಗಲಾಟೆ ಆದಾಗಲೆಲ್ಲ ಅದಕ್ಕೆ ಮುಂಚಿನ ಅರ್ಧ ಗಂಟೆ ಏನು ನಡೆಯುತ್ತಿತ್ತು, ಅವರು ನಿಖರವಾಗಿ ಏನು ಮಾಡಿದರು, ನೀವು ಏನು ಮಾಡಿದಿರಿ, ಅನಂತರ ಏನಾಯಿತು ಎಂದು ಬರೆದಿಡಿ. ‘ಹಟ ಮಾಡಿದರು’ ಎಂದು ಬರೆಯಬೇಡಿ. ‘ಐದು ಗಂಟೆಗೆ ಕರೆಂಟ್ ಹೋಯಿತು, ಕಿಟಕಿಯ ಕಡೆ ನೋಡಿ ಎದ್ದರು’ ಎಂದು ಕಣ್ಣಿಗೆ ಕಂಡದ್ದನ್ನೇ ಬರೆಯಿರಿ. ಔಷಧದಿಂದ ಸುಮ್ಮನಿರಿಸುವ ಮಾತು ಬಂದರೆ ಆತುರಪಡಬೇಡಿ. ಆಂಟಿಸೈಕೋಟಿಕ್ ಔಷಧಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಸಿದೆ. ಅನಿವಾರ್ಯವಾದಾಗ ವೈದ್ಯರು ಕಡಿಮೆ ಪ್ರಮಾಣದಲ್ಲಿ, ಕಡಿಮೆ ಅವಧಿಗೆ ಕೊಡುತ್ತಾರೆ. ಮನೆಯವರು ತಾವಾಗಿ ಹೆಚ್ಚಿಸುವ ಔಷಧ ಅದಲ್ಲ.

ತೀರ್ಥಹಳ್ಳಿ ಕಡೆಯ ಕೃಷಿಕ ಬರೆದದ್ದು:

ಅಕ್ಕ, ನಾನು ನನ್ನ ತಂದೆಯವರನ್ನು ಆರು ವರ್ಷ ನೋಡಿಕೊಂಡೆ. ಅವರು ಹೋಗಿ ಈಗ ಎರಡು ವರ್ಷವಾಯಿತು. ಶುಶ್ರೂಷಕಿಯವರು ಹೇಳಿದ ನೋಟ್‌ಬುಕ್ಕಿನ ಕ್ರಮವನ್ನು ನಾನು ಮೂರನೆಯ ವರ್ಷದಲ್ಲಿ ಕಲಿತೆ, ಮೊದಲ ಎರಡು ವರ್ಷಗಳನ್ನು ಅವರೊಂದಿಗೆ ವಾದಿಸುವುದರಲ್ಲಿಯೇ ಕಳೆದೆ. ಒಂದು ದಿನ ಬಚ್ಚಲಿನಲ್ಲಿ ಅವರ ಕೈಯನ್ನು ನಾನು ಬಲವಾಗಿ ಎಳೆದಾಗ ತೋಳಿನ ಚರ್ಮ ಕಿತ್ತು ರಕ್ತ ಬಂತು. ಅವರು ನನ್ನ ಮುಖ ನೋಡಿ, “ನೀನು ಯಾರ ಮಗನಪ್ಪಾ?” ಎಂದು ಕೇಳಿದರು. ಅಂದಿನಿಂದ ನಾನು ಅವರನ್ನು ಬದಲಾಯಿಸುವ ಪ್ರಯತ್ನವನ್ನು ಬಿಟ್ಟು ಬಚ್ಚಲನ್ನು ಬದಲಾಯಿಸಲು ತೊಡಗಿದೆ.

ನೀವು ಒಮ್ಮೆ ನಿಮ್ಮ ಬಚ್ಚಲನ್ನು ಅತ್ತೆಯವರ ಕಣ್ಣಿನಿಂದ ನೋಡಬೇಕು. ನಮ್ಮ ಹಳೆಯ ಮನೆಗಳ ಬಚ್ಚಲು ಕತ್ತಲೆ, ಹೊಗೆ ಹಿಡಿದ ಗೋಡೆ, ಒಂದು ಮೂಲೆಯಲ್ಲಿ ಹಂಡೆಯಡಿ ಉರಿಯುವ ಬೆಂಕಿ, ಕೆಳಗೆ ಒದ್ದೆ ಕಲ್ಲು. ಈ ಕಾಯಿಲೆಯಲ್ಲಿ ಆಳ ಮತ್ತು ಅಂತರವನ್ನು ಅಳೆಯುವ ಶಕ್ತಿಯೂ ಕುಂದುತ್ತದೆ. ಕಪ್ಪು ಕಾಲೊರಸು ಹೊಂಡದಂತೆ ಕಾಣಬಹುದು, ಹೊಳೆಯುವ ಕೆಂಪು ಗಾರೆಯ ನೆಲ ನೀರು ನಿಂತಂತೆ ಕಾಣಬಹುದು. ಬಾಗಿಲ ಚೌಕಟ್ಟನ್ನು ಹಿಡಿದು ಕೂಗುವವರು ಹಟ ಮಾಡುತ್ತಿರುವುದಿಲ್ಲ, ಬೀಳುತ್ತೇನೆಂದು ಹೆದರಿರುತ್ತಾರೆ. ನಾನು ಬಚ್ಚಲಿಗೆ ಬೆಳ್ಳಗಿನ ದೊಡ್ಡ ಬಲ್ಬು ಹಾಕಿಸಿದೆ, ಗೋಡೆಗೆ ಸುಣ್ಣ ಹೊಡೆಸಿದೆ, ಹಿಡಿದುಕೊಳ್ಳಲು ಕಬ್ಬಿಣದ ಸರಳು ಕೂರಿಸಿದೆ, ಜಾರದ ಚಾಪೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟೆ, ಬಿಸಿನೀರನ್ನು ಮೊದಲೇ ಬೆರೆಸಿ ಬಕೆಟ್ಟಿಗೆ ತುಂಬಿ ಹಂಡೆಯ ಕಡೆಗೆ ಒಂದು ತಗಡಿನ ಮರೆ ಕಟ್ಟಿದೆ. ‘ಸ್ನಾನ’ ಎಂಬ ಮಾತನ್ನೇ ಬಿಟ್ಟು, “ಅಪ್ಪಯ್ಯ, ಮಂಡಿಗೆ ಸ್ವಲ್ಪ ಎಣ್ಣೆ ಹಚ್ಚುತ್ತೇನೆ” ಎಂದು ಜಗುಲಿಯಲ್ಲೇ ಆರಂಭಿಸುತ್ತಿದ್ದೆ. ಎಣ್ಣೆ ಹಚ್ಚಿಸಿಕೊಂಡ ಮೈಗೆ ಬಿಸಿನೀರು ಬೇಕು ಎಂಬುದು ಅವರ ಮನಸ್ಸಿಗಿಂತ ಮೊದಲು ಅವರ ಮೈಗೆ ಗೊತ್ತಿತ್ತು. ನೀರನ್ನು ತಲೆಯಿಂದ ಸುರಿಯದೆ ಪಾದದಿಂದ ಆರಂಭಿಸಿ, ಹೆಗಲ ಮೇಲೆ ಒಂದು ಪಂಚೆ ಹೊದಿಸಿಯೇ ತೊಳೆಯುತ್ತಿದ್ದೆ. ಹೆಣ್ಣುಮಕ್ಕಳಿಗೆ ಮಾನದ ಅಂಜಿಕೆ ಇನ್ನೂ ಹೆಚ್ಚು. ಸೀರೆಯೊಂದನ್ನು ಸುತ್ತಿಕೊಂಡಿರಲು ಬಿಡಿ. ಸ್ನಾನ ಆಗದ ದಿನ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿದರೆ ಸಾಕು, ಅದರಿಂದ ಏನೂ ಕೆಡುವುದಿಲ್ಲ.

ಅವರು ಒಂಟಿ ಮನೆಯಿಂದ ಹೊರಟುಹೋಗುವ ವಿಷಯದಲ್ಲಿ ಮಾತ್ರ ತಡಮಾಡಬೇಡಿ. ನಾವು ದಣಪೆಗೆ ದನದ ಗಂಟೆಯೊಂದನ್ನು ಕಟ್ಟಿದ್ದೆವು. ದಣಪೆಯ ಗಳು (ಅಡ್ಡಕೋಲು) ಸರಿಸಿದರೆ ಅಡುಗೆಮನೆಗೇ ಕೇಳುತ್ತಿತ್ತು. ಬಾವಿಗೆ ಜಾಲರಿ, ಕೆರೆಯ ಕಡೆ ಬೇಲಿ, ಹಳ್ಳದ ಸಂಕದ ಬಾಯಿಗೆ ಅಡ್ಡಲಾಗಿ ಗಳು, ಇವು ಮಳೆ ಬಿಡುವುದರೊಳಗೆ ಆಗಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದಿಟ್ಟ ಮೈಲುತುತ್ತ ನೀಲಿ ಕಲ್ಲುಸಕ್ಕರೆಯಂತೆ ಕಾಣುತ್ತದೆ. ಅದಕ್ಕೂ ಕಳೆನಾಶಕಕ್ಕೂ ಬೀಗ ಹಾಕಿಡಿ. ಮೆಟ್ಟುಗತ್ತಿಗಳನ್ನು ಅಟ್ಟಕ್ಕೆ ಏರಿಸಿ. ಅತ್ತೆಯವರ ಈಚಿನ ಫೋಟೊ ಸುತ್ತಲಿನ ಹತ್ತು ಮನೆಗಳ ಮೊಬೈಲಿನಲ್ಲಿ ಇರಲಿ, ನಿಮ್ಮ ಫೋನ್ ನಂಬರನ್ನು ಅವರ ರವಿಕೆಯ ಒಳಬದಿಗೆ ಹೊಲಿದಿಡಿ. ಕಾಣದಾದರೆ ಕತ್ತಲಾಗುವವರೆಗೆ ನೀವೇ ಹುಡುಕುತ್ತಾ ಕೂರದೆ 112ಕ್ಕೆ ಕರೆ ಮಾಡಿ.

ಸಂಜೆಯ ವಿಷಯದಲ್ಲಿ ನಾನು ಮಾಡುತ್ತಿದ್ದುದು ಇಷ್ಟೆ: ತಂದೆಯವರು ಕೇಳಿದಾಗ “ನಾಳೆ ಬೆಳಗ್ಗೆ ಬಸ್ಸಿಗೆ ಹೋಗೋಣ, ಈಗ ಕೊನೆಯ ಬಸ್ಸು ಹೋಯಿತು” ಎನ್ನುತ್ತಿದ್ದೆ. ಅವರ ಮುಂದೆ ಒಂದು ಮೊರದಲ್ಲಿ ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ಬಗೆಗಳನ್ನು ಬೆರೆಸಿ, ಬೇರ್ಪಡಿಸಲೆಂದು ಇಡುತ್ತಿದ್ದೆ. ಮಗನ ಹೆಸರು ಮರೆತವರ ಕೈ ಅಡಿಕೆಯ ಜಾತಿಯನ್ನು ಮರೆತಿರಲಿಲ್ಲ. ರಾತ್ರಿ ಅವರು ಮಲಗಿದ ಮೇಲೆ ಅದನ್ನು ಮತ್ತೆ ಬೆರೆಸಿಡುತ್ತಿದ್ದೆ.

ಹೊಸನಗರದ ಸೊಸೆ ಮತ್ತೆ ಬರೆದದ್ದು (ಹನ್ನೆರಡು ದಿನಗಳ ನಂತರ):

ಅಕ್ಕನವರಿಗೆ ಮತ್ತು ತೀರ್ಥಹಳ್ಳಿಯ ಸಹೋದರರಿಗೆ ನಾನು ಋಣಿ. ಮೂತ್ರದಲ್ಲಿ ಸೋಂಕು ಇತ್ತು, ಅಂಗಡಿಯ ಶೀತದ ಮಾತ್ರೆಯನ್ನೂ ನಾನೇ ಕೊಟ್ಟಿದ್ದೆ. ಒಂದಕ್ಕೆ ಔಷಧವಾಯಿತು, ಇನ್ನೊಂದು ನಿಂತಿತು. ರಾತ್ರಿ ಗೋಡೆ ತಡಕುವುದು ನಿಂತಿದೆ. ಎಣ್ಣೆಯಿಂದ ಆರಂಭಿಸಿ ಎರಡು ಸ್ನಾನಗಳಾದವು. ಎರಡನೆಯ ಸಲ ಅವರು ನನ್ನ ಬೆನ್ನಿಗೂ ಎಣ್ಣೆ ಹಚ್ಚುತ್ತೇನೆಂದು ಕೂತರು.

ನೋಟ್‌ಬುಕ್ಕಿನಲ್ಲಿ ಒಂದು ಸಂಗತಿ ಎದ್ದು ಕಂಡಿತು. ಅವರು ಗಂಟು ಕಟ್ಟಿಕೊಂಡು ಏಳುವುದು ಗಡಿಯಾರದ ಹೊತ್ತಿಗಲ್ಲ, ನಾನು ಕೊಟ್ಟಿಗೆಗೆ ಹೋದಾಗ. ಯಜಮಾನರು ತೋಟದಲ್ಲಿರುತ್ತಾರೆ, ನಾನು ಹಾಲು ಕರೆಯಲು ಹೋಗುತ್ತೇನೆ, ಮನೆಯೊಳಗೆ ದೀಪವಿರುವುದಿಲ್ಲ, ಆ ಹೊತ್ತಿಗೆ ಅವರು ಒಬ್ಬರೇ ಇರುತ್ತಾರೆ. ಬರೆದಿಡದಿದ್ದರೆ ಇದು ನನಗೆ ಎಂದೂ ಹೊಳೆಯುತ್ತಿರಲಿಲ್ಲ. ಈಗ ನಾಲ್ಕು ಗಂಟೆಗೇ ಎಲ್ಲ ದೀಪ ಹಾಕಿ, ಕರೆಂಟ್ ಹೋದರೆ ಉರಿಯುವ ಚಾರ್ಜಿಂಗ್ ಬಲ್ಬನ್ನು ಜಗುಲಿಗೆ ಹಾಕಿ, ಬಿಸಿ ಕಷಾಯ ಕೊಟ್ಟು, ಅವರನ್ನೂ ಕೊಟ್ಟಿಗೆಯ ಬಾಗಿಲಿಗೆ ಕರೆದುಕೊಂಡು ಹೋಗಿ ಕೂರಿಸುತ್ತಿದ್ದೇನೆ. ಆದರೂ ವಾರದಲ್ಲಿ ಮೂರು ದಿನ ಮನೆಯ ಮಾತು ಬರುತ್ತದೆ. “ನಾಳೆ ಬಸ್ಸಿಗೆ ಹೋಗೋಣ” ಎಂಬ ಮಾತು ನನ್ನ ಬಾಯಿಂದ ಹೊರಡುತ್ತಿಲ್ಲ. ಆ ಊರಿಗೆ ಬಸ್ಸೂ ಇಲ್ಲ, ಊರೂ ಇಲ್ಲ. ತಾಯಿಯ ಸ್ಥಾನದಲ್ಲಿರುವವರಿಗೆ ಪ್ರತಿ ಸಂಜೆ ಸುಳ್ಳು ಹೇಳುವುದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಮುಳುಗಡೆಯ ಮನೆಯವಳು ಬರೆದದ್ದು:

ಮಗಳೇ, ನನ್ನದೂ ಶರಾವತಿ ಮುಳುಗಡೆಯಲ್ಲಿ ಎದ್ದು ಬಂದ ಕುಟುಂಬ. ಊರು ಬಿಡುವಾಗ ನನಗೆ ಎಂಟು ವರ್ಷ. ನನ್ನ ಅಕ್ಕನಿಗೆ ಇದೇ ಕಾಯಿಲೆ ಬಂದು ನಾಲ್ಕು ವರ್ಷ ನನ್ನ ಮನೆಯಲ್ಲಿದ್ದಳು. ಅವಳೂ ಅಲ್ಲಿಗೇ ಹೊರಡುತ್ತಿದ್ದಳು. ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರಿಸುವ ಹಕ್ಕು ನನಗಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ತೀರ್ಥಹಳ್ಳಿಯವರು ಹೇಳಿದ ಬಸ್ಸಿನ ಮಾತು ಅವರ ತಂದೆಗೆ ಒದಗಿರಬಹುದು, ನಾನು ಅದನ್ನು ತಪ್ಪೆನ್ನುವುದಿಲ್ಲ. ಆದರೆ ನಮ್ಮಂಥವರಿಗೆ ಆ ದಾರಿಯ ಅಗತ್ಯವೇ ಬೀಳುವುದಿಲ್ಲ ಎಂಬುದು ನನ್ನ ಅನುಭವ. ನಿನ್ನ ಅತ್ತೆಯ ಮಾತನ್ನು ಮತ್ತೊಮ್ಮೆ ಕಿವಿಗೊಟ್ಟು ಕೇಳು. ದನ ಬಂದಿರುತ್ತವೆ, ಮಗು ಅಳುತ್ತಿರುತ್ತದೆ ಎನ್ನುತ್ತಾರೆ. ಅವರು ಕೇಳುತ್ತಿರುವುದು ಗೋಡೆ ಮತ್ತು ಮಾಡನ್ನಲ್ಲ. ಕತ್ತಲಾಗುವ ಹೊತ್ತಿಗೆ ತನಗಾಗಿ ಕಾಯುವ ಜೀವಗಳಿದ್ದವು, ತನ್ನ ಕೈ ಬೀಳದಿದ್ದರೆ ನಡೆಯದ ಕೆಲಸಗಳಿದ್ದವು. ಅದು ಈಗ ಇಲ್ಲ ಎಂಬುದು ಅವರಿಗೆ ತಿಳಿಯುತ್ತಿದೆ. ಈ ಮನೆಯಲ್ಲಿ ನೀನು ಚುರುಕಾದ ಸೊಸೆ, ಅವರಿಗೆ ಕೆಲಸವೇ ಉಳಿದಿಲ್ಲ. “ಆ ಮನೆ ಮುಳುಗಿತು” ಎಂಬುದು ನಿಜ, ಆದರೆ ಅದು ಅವರು ಕೇಳಿದ ಪ್ರಶ್ನೆಗೆ ಉತ್ತರವಲ್ಲ. “ನಾಳೆ ಹೋಗೋಣ” ಎಂಬುದೂ ಅಲ್ಲ.

ಅಕ್ಕ ಹೊರಟು ನಿಂತಾಗ ನಾನು ಅವಳ ಪಕ್ಕದಲ್ಲಿ ನಿಂತು, ಗಂಟನ್ನು ಕಸಿದುಕೊಳ್ಳದೆ, “ದನಗಳಲ್ಲಿ ಯಾವುದು ಮೊದಲು ಬರ್ತಿತ್ತೇ?” ಎಂದು ಕೇಳುತ್ತಿದ್ದೆ. ಅವಳು ಗೌರಿ ಎಂಬ ಹಸುವಿನ ವಿಷಯ ಹೇಳಲು ಆರಂಭಿಸುತ್ತಿದ್ದಳು. ಅದು ಹೊಳೆ ದಾಟುವಾಗ ಕೊರಳೆತ್ತಿ ಕೂಗುತ್ತಿದ್ದುದು, ಕರು ಕಟ್ಟುವ ಗೂಟ, ಅಮ್ಮ ಹಾಲಿನ ತಂಬಿಗೆ ಇಡುತ್ತಿದ್ದ ಗೂಡು, ಹೀಗೆ. ಹೇಳುತ್ತಾ ಹೇಳುತ್ತಾ ಗಂಟು ತಾನಾಗಿ ಕೆಳಗೆ ಇಳಿಯುತ್ತಿತ್ತು. ಅಲ್ಲಿ ನಾನು ಒಂದು ಸುಳ್ಳನ್ನೂ ಹೇಳಬೇಕಾಗಿ ಬರಲಿಲ್ಲ. ಅವಳು ಆ ಮನೆಯನ್ನು ನನಗೆ ತೋರಿಸಿಕೊಂಡು ಬರುತ್ತಿದ್ದಳು, ನಾನು ಎಂಟು ವರ್ಷಕ್ಕೆ ಮರೆತಿದ್ದನ್ನೆಲ್ಲ ಅವಳಿಂದ ಮರಳಿ ಪಡೆದೆ. ಅನಂತರ “ಅಕ್ಕ, ದೀಪ ಹಚ್ಚುವ ಹೊತ್ತಾಯಿತು, ಬತ್ತಿ ಇಲ್ಲವಲ್ಲ” ಎಂದರೆ ಕುಳಿತು ಹತ್ತಿ ಬತ್ತಿ ಹೊಸೆಯುತ್ತಿದ್ದಳು. ಬತ್ತಿ ಹೊಸೆಯುವುದು, ಹಲಸಂದೆ ಬಿಡಿಸುವುದು, ಒಗೆದ ಬಟ್ಟೆ ಮಡಚುವುದು, ಇವುಗಳನ್ನು ನಿನ್ನ ಅತ್ತೆಗೂ ಕೊಡು. ಸಾಮಾನ್ಯವಾಗಿ ಇಂಥವರಲ್ಲಿ ಸಂಗತಿ ಮರೆತುಹೋದ ಮೇಲೂ ಅದು ತಂದ ಸಂಕಟವೋ ಸಮಾಧಾನವೋ ಮನಸ್ಸಿನಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ನಿನ್ನ ಯಜಮಾನರು ದನಿ ಏರಿಸಿದ್ದನ್ನು ಅವರು ಹತ್ತು ನಿಮಿಷಕ್ಕೆ ಮರೆಯಬಹುದು, ಆದರೆ ಯಾಕೆಂದು ತಿಳಿಯದ ಆ ಭಯದಲ್ಲಿಯೇ ರಾತ್ರಿಯ ಊಟಕ್ಕೆ ಕೂರುತ್ತಾರೆ.

ಶಿವಮೊಗ್ಗದ ನಿವೃತ್ತ ಶುಶ್ರೂಷಕಿ ಮತ್ತೆ ಬರೆದದ್ದು:

ಮೇಲಿನ ಅಮ್ಮನವರ ಉತ್ತರದ ನಂತರ ಆ ವಿಷಯದಲ್ಲಿ ನಾನು ಹೇಳುವುದು ಉಳಿದಿಲ್ಲ. ನಿಮ್ಮ ಬಗ್ಗೆಯೇ ಎರಡು ಮಾತು. ನಿಮ್ಮ ಎರಡು ಪತ್ರಗಳಲ್ಲಿಯೂ ನೀವು ಹೊರಗೆ ಹೋದ ಒಂದು ದಿನದ ಪ್ರಸ್ತಾಪವಿಲ್ಲ. ನೋಡಿಕೊಳ್ಳುವವರು ನಿದ್ದೆಗೆಟ್ಟಾಗ ಗೊತ್ತಿರುವ ಉಪಾಯವೂ ಹೊತ್ತಿಗೆ ಒದಗುವುದಿಲ್ಲ. ತಾಳ್ಮೆ ಸ್ವಭಾವದ ಮಾತಷ್ಟೇ ಅಲ್ಲ, ನಿದ್ದೆಯ ಮಾತೂ ಹೌದು. ಅತ್ತೆಯವರ ಹೆಣ್ಣುಮಕ್ಕಳು ತಿಂಗಳಿಗೆ ನಾಲ್ಕು ದಿನ ಬಂದು ಇಲ್ಲಿಯೇ ಇರಲಿ. ಅತ್ತೆಯವರನ್ನು ಅವರ ಮನೆಗಳಿಗೆ ಸುತ್ತಾಡಿಸುವುದು ಬೇಡ, ಜಾಗ ಬದಲಾದರೆ ಗಲಿಬಿಲಿ ಹೆಚ್ಚುತ್ತದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಯಾವ ಹೊತ್ತಿನಲ್ಲಿಯೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕರೆ ಮಾಡಲು ರೋಗಿಯೇ ಆಗಿರಬೇಕಿಲ್ಲ. ಹಿರಿಯ ನಾಗರಿಕರಿಗೆ ಸಂಬಂಧಿಸಿದ ನೆರವಿಗೆ 14567 ಇದೆ. ಮನೆಯವರಿಗೆ ತರಬೇತಿ ಕೊಡುವುದಕ್ಕೆಂದೇ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿರುವ ಐಸಪೋರ್ಟ್ ಎಂಬ ಪಾಠಗಳಿವೆ; ಬೆಂಗಳೂರಿನಲ್ಲಿರುವ ನಿಮ್ಮ ಮಗ ಅವುಗಳನ್ನು ಓದಿ, ನಿಮಗೂ ತಂದೆಯವರಿಗೂ ವಿವರಿಸಲಿ. ದೂರದಲ್ಲಿರುವ ಮಕ್ಕಳು ಮಾಡಬಹುದಾದ ಕೆಲಸ ಅದು.

ಹೊಸನಗರದ ಸೊಸೆ ಬರೆದದ್ದು:

ಅಮ್ಮ, ನಿಮ್ಮ ಮಾತಿನಂತೆ ಕೇಳಿದೆ. ಅವರ ಹಸುವಿನ ಹೆಸರು ತುಂಗೆ. ಇಪ್ಪತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ನಾನು ಆ ಹೆಸರನ್ನು ಕೇಳಿರಲಿಲ್ಲ. ಯಜಮಾನರು ಹೊರಗೆ ಕೈಕಾಲು ತೊಳೆಯುತ್ತಾ ನಿಂತವರು ಅಲ್ಲಿಯೇ ನಿಂತು ಕೇಳಿಸಿಕೊಂಡರು. ಈಗ ಅವರಿಗೆ ಒಂದು ಯೋಚನೆ ಬಂದಿದೆ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಮುಳುಗಿದ ಹಳೆಯ ಮಡೆನೂರು ಅಣೆಕಟ್ಟೆಯೂ ಮೇಲೆ ಕಾಣುತ್ತದಲ್ಲ, ಹಾಗೆಯೇ ನಮ್ಮ ಜಾಗವೂ ತೆರೆದುಕೊಳ್ಳಬಹುದು, ಕಾರಿನಲ್ಲಿ ಕರೆದುಕೊಂಡು ಹೋಗಿ ಒಮ್ಮೆ ತೋರಿಸಿಬಿಟ್ಟರೆ ಅಮ್ಮನಿಗೆ ನೆಮ್ಮದಿಯಾದೀತು ಎನ್ನುತ್ತಾರೆ. ಇದು ಒಳ್ಳೆಯದೇ?

ಮುಳುಗಡೆಯ ಮನೆಯವಳು ಬರೆದದ್ದು:

ನಿನ್ನ ಯಜಮಾನರ ಪ್ರೀತಿ ದೊಡ್ಡದು, ಆದರೆ ಬೇಡ ಮಗಳೇ. ನಾನು ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ನೀರು ಇಳಿದಲ್ಲಿ ಬಿರುಕುಬಿಟ್ಟ ಕೆಸರು ಮತ್ತು ಮರದ ಬೊಡ್ಡೆಗಳಿದ್ದವು. ಅವಳು ಕಾರಿನಿಂದ ಇಳಿಯಲಿಲ್ಲ. “ಇದು ಯಾರ ಊರು? ಕತ್ತಲಾಗುವುದರೊಳಗೆ ನಮ್ಮ ಮನೆಗೆ ಹೋಗೋಣ” ಎಂದಳು. ಅವರು ಹೇಳುವ ಮನೆ ಅವರ ಮಾತಿನಲ್ಲಿ ಮಾತ್ರ ಸರಿಯಾಗಿ ನಿಂತಿದೆ. ಯಜಮಾನರಿಗೆ ನೋಡಬೇಕೆನಿಸಿದರೆ ಅವರೊಬ್ಬರೇ ಹೋಗಿ ಬರಲಿ. ಅತ್ತೆಯವರ ಹತ್ತಿರ ತುಂಗೆಗೆ ಎಷ್ಟು ಕರುಗಳಿದ್ದವೆಂದು ಕೇಳು, ಮತ್ತು ಅವರು ಹೇಳಿದ್ದನ್ನು ಆ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟುಕೋ.